ಸಂಯುಕ್ತ ಕಾಷ್ಠದ ಬಾಹ್ಯ ಫಲಕಗಳು

ನನ್ನ ದಿನಚರಿಯ ಆ ದಿನದ ಪುಟದಲ್ಲಿ ಇರುವುದು ಎರಡೇ ವಾಕ್ಯ. "ಅಪ್ಪನಿಗೆ ಅರ್ಜಿ ಬರೆದುಕೊಟ್ಟೆ. ಚೆನ್ನಾಗಿ ಬಂದಿದೆ." ಮುಂದೆ ನಡೆದದ್ದಕ್ಕೆಲ್ಲ ಆ ಎರಡನೆಯ ವಾಕ್ಯವೇ ಹೊಣೆ. ಅರ್ಜಿ ಅಷ್ಟು ಚೆನ್ನಾಗಿ ಬರಬಾರದಿತ್ತು.

ಅಪ್ಪ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸದಲ್ಲಿದ್ದರು. ಮೂವತ್ತೆರಡು ವರ್ಷ ಊರಿನ ಮನೆಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೀಟರಿನ ಗಾಜು ಒರೆಸಿ, ಅಂಕಿ ಬರೆದುಕೊಂಡು, ಏಳುವಾಗ ಒಮ್ಮೆ ಆ ಮನೆಯ ಮುಂಭಾಗವನ್ನು ಕಣ್ತುಂಬ ನೋಡಿ ಬರುತ್ತಿದ್ದರು. ಯಾರ ಮನೆಗೆ ಕಲ್ಲಿನ ಹೊದಿಕೆ, ಯಾರ ಮನೆಗೆ ಇಟ್ಟಿಗೆ ಬಣ್ಣದ ಟೈಲ್ಸು, ಯಾರು ಬೀದಿಗೆ ಕಾಣುವಷ್ಟಕ್ಕೆ ಮಾತ್ರ ಬಣ್ಣ ಹೊಡೆಸಿ ಪಕ್ಕದ ಗೋಡೆಯನ್ನು ಹಾಗೇ ಬಿಟ್ಟಿದ್ದಾರೆ, ಎಲ್ಲವೂ ಅವರಿಗೆ ಬಾಯಿಪಾಠ. ಸಂಜೆ ತಮ್ಮದೇ ಮನೆಗೆ ಬಂದರೆ ಎದುರಾಗುತ್ತಿದ್ದದ್ದು ಮಾತ್ರ ಪ್ಲಾಸ್ಟರು ಸಿಪ್ಪೆಯೆದ್ದ ಒಂದು ಗೋಡೆ.

ಮಳೆ ನೇರವಾಗಿ ಬಂದು ಬಡಿಯುವುದು ಆ ಗೋಡೆಗೇ. ಗೋಡೆಯ ಒಳಮಗ್ಗುಲಿಗೆ ಅಜ್ಜಿಯ, ಅಂದರೆ ಅಪ್ಪನ ಅಮ್ಮನ, ಮಂಚ. ಮಳೆಗಾಲ ಬಂದರೆ ಗೋಡೆ ಬೆವರುತ್ತದೆ, ಅಜ್ಜಿ ಕೆಮ್ಮುತ್ತಾರೆ. ಕಳೆದ ವರ್ಷ ಆ ಕೆಮ್ಮು ಎರಡು ತಿಂಗಳು ಬಿಡಲಿಲ್ಲ. ಇನ್ನೊಂದು ಮಳೆಗಾಲ ಈ ಥಂಡಿ ಗೋಡೆಯ ಪಕ್ಕ ಬೇಡವೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಂಚ ಜರುಗಿಸೋಣವೆಂದರೆ ಅಜ್ಜಿ ಜಪ್ಪಯ್ಯ ಅನ್ನುವುದಿಲ್ಲ. ಅವರಿಗೆ ಕಿವಿ ಮಂದ. ಆದರೆ ತಲೆ ಗೋಡೆಗೆ ತಾಗಿದ್ದರೆ ಹೊರಗಿನಿಂದ ಯಾರು ಗೋಡೆ ಮುಟ್ಟಿದರೂ ಗೊತ್ತಾಗಿಬಿಡುತ್ತದೆ. ಕೂಡಲೇ ಒಳಗಿನಿಂದ, "ಯಾರದು? ಒಳಗೆ ಬನ್ನಿ" ಎಂಬ ಕರೆ. ಅಂಟಿದ ಹಲ್ಲಿಯನ್ನು ಓಡಿಸಲು ಕೋಲಿನಿಂದ ತಟ್ಟಿದಾಗಲೂ ಹಲ್ಲಿಗೆ ಆ ಆಹ್ವಾನ ಸಿಕ್ಕಿದ್ದುಂಟು.

ನಿವೃತ್ತಿಯಾದ ಮರುವಾರ ಅಪ್ಪ ಮನೆಯ ಮುಂಭಾಗಕ್ಕೆ ಪ್ಯಾನೆಲ್ ಹಾಕಿಸುವುದಾಗಿ ಪ್ರಕಟಿಸಿದರು. ಅಮ್ಮನ ಸಲುವಾಗಿ, ಅಂದರೆ ಅಜ್ಜಿಯ ಸಲುವಾಗಿ, ಎಂದು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಿದವರಿಗೆಲ್ಲ, ಮುಂಭಾಗದ ಅಂದಕ್ಕೆ ಎಂಬರ್ಥದಲ್ಲಿ, "ಎಲಿವೇಶನ್‌ಗೆ" ಎನ್ನುತ್ತಿದ್ದರು.

ಈ ಪ್ಯಾನೆಲ್ ಎಂಬ ವಸ್ತು ಮರದ ಪುಡಿಯನ್ನೂ ಪ್ಲಾಸ್ಟಿಕ್ಕನ್ನೂ ಬಿಸಿಯಲ್ಲಿ ಬೆರೆಸಿ, ಒತ್ತಿ ಮಾಡಿದ ಉದ್ದನೆಯ ಹಲಗೆ. ನೋಡಲು ಮರ. ಗೆದ್ದಲು ಮುಟ್ಟುವುದಿಲ್ಲ, ನೀರು ಹೀರುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ. ಇದೆಲ್ಲ ಅಂಗಡಿಯವನು ಕೊಟ್ಟ ಚೀಟಿಯಲ್ಲಿತ್ತು. ಅಪ್ಪ ಚೀಟಿಯನ್ನು ನಂಬದೆ, ಮಾದರಿಗೆಂದು ಕೊಟ್ಟ ಮೊಳದುದ್ದದ ತುಂಡನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ತೇಲದಂತೆ ಅದರ ಮೇಲೊಂದು ಕಲ್ಲು ಹೇರಿ ಜಗಲಿಯಲ್ಲಿಟ್ಟರು. ಅಂದಿನಿಂದ ನಮ್ಮ ಮನೆಗೆ ಬಂದವರಿಗೆ ಕುಡಿಯುವ ನೀರಿಗಿಂತ ಮೊದಲು ಈ ಬಕೆಟ್ಟಿನ ದರ್ಶನವಾಗುತ್ತಿತ್ತು. ಅಪ್ಪ ತುಂಡನ್ನು ಎತ್ತಿ, ಪಂಚೆಯಲ್ಲಿ ಒರೆಸಿ, ಬಂದವರ ಕೈಗಿತ್ತು, "ಉಬ್ಬಿದೆಯಾ ನೋಡಿ" ಎನ್ನುವರು. ಅವರು ಇಲ್ಲ ಎನ್ನುವರು. ಅಪ್ಪ ಅದನ್ನು ಮತ್ತೆ ಮುಳುಗಿಸುವರು.

ಕೆಲಸಕ್ಕೆ ಗೊತ್ತು ಮಾಡಿದ ಬಡಗಿಗೆ ಮಾತ್ರ ಆ ವಸ್ತುವಿನ ಮೇಲೆ ಗೌರವ ಹುಟ್ಟಲಿಲ್ಲ. ಮೂಸಿ ನೋಡಿ ಅವನು ಹೇಳಿದ್ದಿಷ್ಟು: "ಅತ್ತ ಮರಾನೂ ಅಲ್ಲ, ಇತ್ತ ಪ್ಲಾಸ್ಟಿಕ್ಕೂ ಅಲ್ಲ. ನಮ್ಮ ಭಾವಮೈದುನನ ಥರ. ಇರ್ಲಿ ಬಿಡಿ, ಅವನನ್ನೂ ಸುಧಾರಿಸ್ತಿದ್ದೀನಿ."

ಎಲ್ಲ ಸಿದ್ಧವಾದಾಗ ಎದುರುಮನೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೀದಿಗೆಲ್ಲ ಹೆಡ್‌ಮೇಡಂ, ತಮ್ಮ ಗೇಟಿನಿಂದಲೇ ಒಂದು ಪ್ರಶ್ನೆ ಎಸೆದರು. ಮನೆಯ ಮುಂಭಾಗ ಬದಲಾಯಿಸಲು ನಗರ ಕಚೇರಿಯ ಅನುಮತಿ ತೆಗೆದುಕೊಂಡಿದ್ದೀರಾ?

ಅನುಮತಿಗೆ ಅರ್ಜಿ ಬೇಕು. ಅರ್ಜಿಗೆ ಭಾಷೆ ಬೇಕು. ಅಪ್ಪ ನನ್ನ ಕಡೆ ತಿರುಗಿದರು.

ನಾನು ಭಾಷಾ ಸಾಹಿತ್ಯದಲ್ಲಿ ಎಂ.ಎ. ಮಾಡಿ ಒಂದೂವರೆ ವರ್ಷದಿಂದ ಮನೆಯಲ್ಲಿದ್ದೆ. ನಾನು ಜನರೆದುರು ಮಾತಾಡುವವಳಲ್ಲ. ಫೋನು ಬಂದರೆ ಅದು ತಾನಾಗಿ ನಿಲ್ಲುವವರೆಗೆ ಕಾಯುವವಳು. ಹಾಗಾಗಿ ನನ್ನ ಎಂ.ಎ. ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಅದು ಉಪಯೋಗಕ್ಕೆ ಬರುವ ಮೊದಲ ಅವಕಾಶವೆಂದು ಅಪ್ಪ ಒಳ್ಳೆಯ ಪೆನ್ನು ತಂದುಕೊಟ್ಟರು. "ಬೆರಕೆ ಮಾತು ಒಂದೂ ಬೇಡ ಮಗಳೇ. ಓದಿದೋರು ಎದ್ದು ನಿಲ್ಲಬೇಕು."

ಪ್ಯಾನೆಲ್‌ಗೆ ಹಲಗೆ ಎಂದು ಬರೆಯಬಹುದಿತ್ತು. ಬಡಗಿ ಹಾಗೇ ಅನ್ನುತ್ತಿದ್ದ. ಆದರೆ ಹಲಗೆ ಎಂದರೆ ಬಚ್ಚಲಲ್ಲಿ ಒರಗಿಸಿಟ್ಟ ವಸ್ತುವಿನ ಹಾಗೆ ಕೇಳಿಸಿತು. ಒಂದು ಮಧ್ಯಾಹ್ನವೆಲ್ಲ ಕೂತು ಬರೆದೆ: "ನಮ್ಮ ವಾಸಗೃಹದ ಮುಂಭಾಗದಲ್ಲಿ ದೀರ್ಘ ಬಾಳಿಕೆಯ ಸಂಯುಕ್ತ ಕಾಷ್ಠದ ಬಾಹ್ಯ ಫಲಕಗಳನ್ನು ಪ್ರತಿಷ್ಠಾಪಿಸಲು ಅಪ್ಪಣೆ ಕೋರಿ."

ಅಪ್ಪ ಎರಡು ಸಲ ಓದಿದರು, ಎರಡನೆಯ ಸಲ ನಿಂತುಕೊಂಡು. "ಅರ್ಥ ಆಗ್ಲಿಲ್ಲ," ಎಂದರು. "ಆದ್ರೆ ಬಹಳ ಚೆನ್ನಾಗಿದೆ."

ಅರ್ಜಿಗೆ ಕಚೇರಿಯಲ್ಲಿ ಸ್ವೀಕೃತಿಯ ಮುದ್ರೆ ಬಿತ್ತು. ಮುದ್ರೆ ಬಿದ್ದ ಮೇಲೆ ಅನುಮತಿಯೂ ಬಂದಂತೆಯೇ ಎಂದು ತೀರ್ಮಾನಿಸಿ ಅಪ್ಪ ಮರುದಿನವೇ ಬಡಗಿಯನ್ನು ಕರೆಸಿದರು. ಗೋಡೆಗೆ ಮರದ ಪಟ್ಟಿಯ ರೀಪು ಹೊಡೆದು, ಕೆಳಗಿನಿಂದ ಒಂದರ ಮೇಲೊಂದು ಹಲಗೆ ಕೂರಿಸುತ್ತಾ ಬಂದು, ಅವು ಎದೆಮಟ್ಟಕ್ಕೆ ಏರಿದ ದಿನ ನಗರ ಕಚೇರಿಯಿಂದ ಒಬ್ಬ ಪರಿಶೀಲಕರು ಅಳತೆಪಟ್ಟಿ ಹಿಡಿದು ಬಂದರು.

ಅವರು ಬಂದದ್ದು ಕಟ್ಟಡ ವಿಭಾಗದಿಂದಲ್ಲ. ನಗರ ಕಚೇರಿಯಲ್ಲಿ ಫಲಕ ವಿಭಾಗ ಎಂದು ಬೇರೆಯೇ ಒಂದಿದೆ. ಅಂಗಡಿ, ಆಸ್ಪತ್ರೆ, ಹೋಟೆಲುಗಳ ಮುಂದೆ ತೂಗುಹಾಕುವ ಹೆಸರಿನ ಬೋರ್ಡುಗಳನ್ನು ನೋಡಿಕೊಳ್ಳುವುದೇ ಅದರ ಕೆಲಸ. ನನ್ನ ಅರ್ಜಿಯಲ್ಲಿ ಫಲಕ ಎಂದಿತ್ತಲ್ಲ, ಅದು ನೆಟ್ಟಗೆ ಅಲ್ಲಿಗೆ ಹೋಗಿತ್ತು.

"ಫಲಕ ಇದೇನಾ?" ಎಂದರು ಪರಿಶೀಲಕರು, ಗೋಡೆಯ ಈ ತುದಿಯಿಂದ ಆ ತುದಿಗೆ ನೋಡುತ್ತಾ.

"ಇದೇ ಸರ್. ಇನ್ನೂ ಮೇಲಕ್ಕೆ ಹೋಗುತ್ತೆ."

"ಇಷ್ಟು ದೊಡ್ಡದು ಈ ಊರಲ್ಲೇ ಇಲ್ಲ. ಏನು ಬರೆಸ್ತೀರಿ?"

"ಬರೆಸೋದಾ? ಏನೂ ಇಲ್ಲ. ಬರೀ ಮರದ ಗೆರೆ."

"ಮತ್ತೆ ಜನಕ್ಕೆ ಹೇಗೆ ಗೊತ್ತಾಗ್ಬೇಕು?"

"ನೋಡಿದ್ರೆ ಗೊತ್ತಾಗುತ್ತಲ್ಲ ಸರ್."

"ಏನು ಅಂತ?"

"ಚೆನ್ನಾಗಿದೆ ಅಂತ."

ಪರಿಶೀಲಕರು ಅಪ್ಪನನ್ನು ಒಮ್ಮೆ ದಿಟ್ಟಿಸಿ, ಕೈಯಲ್ಲಿದ್ದ ಫಾರಂ ತೆರೆದರು. ಸಂಯುಕ್ತ ಕಾಷ್ಠ ಎನ್ನುವುದು ಯಾವಾಗ ಶುರುವಾಯಿತು ಎಂದು ಕೇಳಿದರು. ಅವರ ಲೆಕ್ಕದಲ್ಲಿ ಅದು ಸಂಸ್ಥೆಯ ಹೆಸರು. ಅಪ್ಪನ ಲೆಕ್ಕದಲ್ಲಿ ವಸ್ತುವಿನ ಹೆಸರು. ಬಂದು ಬಹಳ ವರ್ಷವಾಯಿತಂತೆ, ಹೊರದೇಶಗಳಲ್ಲೆಲ್ಲ ಈಗ ಇದೇ ಎಂದು ಅಪ್ಪ ಅಭಿಮಾನದಿಂದ ಹೇಳಿದರು. ಪರಿಶೀಲಕರು "ವಿದೇಶಗಳಲ್ಲಿ ಶಾಖೆಗಳಿವೆ" ಎಂದು ಬರೆದುಕೊಂಡರು. ಎಷ್ಟು ಕಾಲಕ್ಕೆ ಎಂದರು. ಇಪ್ಪತ್ತೈದು ವರ್ಷ ಗ್ಯಾರಂಟಿ ಎಂದರು ಅಪ್ಪ. ಒಳಗೆ ಎಷ್ಟು ಜನ ಎಂದದ್ದಕ್ಕೆ, ನಾಲ್ಕು ಜನ, ಅದರಲ್ಲಿ ಒಬ್ಬರು ಮಲಗಿದಲ್ಲೇ ಇರುತ್ತಾರೆ ಎಂದರು. "ಸಿಬ್ಬಂದಿ ನಾಲ್ವರು, ಒಬ್ಬರು ರಜೆಯಲ್ಲಿ."

ಬರೆದು ಮುಗಿಸಿ, ಇದು ಯಾವ ಮರವೆಂದು ತಿಳಿಯಲು ಪರಿಶೀಲಕರು ಬೆರಳ ಗೆಣ್ಣಿನಿಂದ ಫಲಕವನ್ನು ಎರಡು ಸಲ ತಟ್ಟಿದರು.

"ಯಾರದು?" ಎಂದಿತು ಫಲಕ. "ಒಳಗೆ ಬನ್ನಿ."

ಅವರ ಕೈಯಿಂದ ಅಳತೆಪಟ್ಟಿ ಜಾರಿ ಸರ್ರನೆ ಸುತ್ತಿಕೊಂಡಿತು. ಇದನ್ನು ಬರೆದುಕೊಳ್ಳಲು ಫಾರಂನಲ್ಲಿ ಜಾಗವಿರಲಿಲ್ಲವಾದ್ದರಿಂದ ಅವರು ಅಲ್ಲಿಂದ ಹೊರಟುಹೋದರು.

ನನಗೆ ಅವರ ಮೂರನೆಯ ಪ್ರಶ್ನೆಗೇ ವಿಷಯ ಹೊಳೆದಿತ್ತು. ಬಾಗಿಲ ಪರದೆಯ ಹಿಂದೆ ನಿಂತು, "ಸರ್, ಅದು ಆ ಫಲಕ ಅಲ್ಲ" ಎಂದು ಮನಸ್ಸಿನಲ್ಲೇ ಬಹಳ ಸ್ಪಷ್ಟವಾಗಿ ಹೇಳಿದೆ. ಹೊರಗೆ ಕೇಳಿಸಲಿಲ್ಲ.

ನಾಲ್ಕು ದಿನಕ್ಕೆ ನೋಟೀಸು ಬಂತು. ಬರಹವಿಲ್ಲದ ಫಲಕ ಇಡುವುದು ನಿಯಮಕ್ಕೆ ವಿರುದ್ಧ. ಏಳು ದಿನದೊಳಗೆ ಫಲಕದ ಮೇಲಿನ ಬರಹವನ್ನು ತಿಳಿಸತಕ್ಕದ್ದು. ತಪ್ಪಿದಲ್ಲಿ ಕಚೇರಿಯವರೇ ಬಂದು ಫಲಕ ಇಳಿಸುತ್ತಾರೆ. ಅಲ್ಲಿಯವರೆಗೆ ಕೆಲಸ ನಿಲ್ಲಿಸತಕ್ಕದ್ದು. ಇನ್ನು ಮುಂದೆ ಈ ಕಟ್ಟಡವನ್ನು ವ್ಯಾಪಾರದ ಸ್ಥಳವೆಂದು ಪರಿಗಣಿಸಲಾಗಿದೆ.

ಮರುದಿನ ಅಪ್ಪನ ಜಾಗಕ್ಕೆ ಬಂದಿದ್ದ ಹೊಸ ಮೀಟರ್ ರೀಡರ್ ಬಂದ. ಕೆಲಸ ಕಲಿಸಿದ್ದೇ ಅಪ್ಪ. ಅವನು ತಲೆಯೆತ್ತದೆ ನಮ್ಮ ಮೀಟರಿನ ಮುಂದೆ ಕೂತು, ಪುಸ್ತಕದಲ್ಲಿ "ಮನೆ" ಎಂದಿದ್ದುದನ್ನು ಹೊಡೆದುಹಾಕಿ "ಅಂಗಡಿ" ಎಂದು ಬರೆದ. "ನನ್ನ ಕೈಯಲ್ಲಿಲ್ಲ ಗುರುಗಳೇ," ಎಂದ. ಅಪ್ಪ ಅವನ ಬೆನ್ನು ತಟ್ಟಿ, ಗಾಜು ಒರೆಸದೆ ಅಂಕಿ ಓದಬಾರದೆಂದು ಬುದ್ಧಿ ಹೇಳಿ ಕಳಿಸಿದರು. ಅಮ್ಮ ಮಾತ್ರ ಈ ಬದಲಾವಣೆಯನ್ನು ಸ್ವಾಗತಿಸಿದಳು. ಅಂಗಡಿ ಎಂದ ಮೇಲೆ ವಾರಕ್ಕೊಂದು ದಿನ ಬಾಗಿಲು ಹಾಕಬೇಕಷ್ಟೆ, ಭಾನುವಾರ ಒಲೆ ಹಚ್ಚುವುದಿಲ್ಲ ಎಂದು ಘೋಷಿಸಿದಳು.

ಬೀದಿ ಸುಮ್ಮನಿರುತ್ತದೆಯೇ? ಹೆಡ್‌ಮೇಡಂ ಪರಿಶೀಲಕರ ಪ್ರಶ್ನೆಗಳನ್ನು ಗೇಟಿನಿಂದಲೇ ಕೇಳಿಸಿಕೊಂಡಿದ್ದವರು, ತಮ್ಮ ದಪ್ಪ ನಿಘಂಟು ತೆಗೆದು ಕಾಷ್ಠ ಎಂದರೆ ಸೌದೆ ಎಂದು ಕಂಡುಹಿಡಿದರು. ಸಂಜೆಯ ಹೊತ್ತಿಗೆ ನಾವು ಸೌದೆ ಡಿಪೋ ತೆರೆಯುತ್ತಿದ್ದೇವೆಂದೂ, ಅದಕ್ಕೆ ವಿದೇಶದಿಂದ ದುಡ್ಡು ಬರುತ್ತಿದೆಯೆಂದೂ ಬೀದಿಯ ಎರಡೂ ತುದಿಗೆ ಗೊತ್ತಾಗಿತ್ತು. ಲಾರಿ ಬಂದರೆ ಮಕ್ಕಳು ಹೇಗೆ ಓಡಾಡಬೇಕು, ಬೆಂಕಿ ಬಿದ್ದರೆ ಯಾರು ಹೊಣೆ ಎಂದು ಕೇಳಲು ಏಳು ಜನ ಒಟ್ಟಾಗಿ ಬಂದರು. ಅಪ್ಪ ಅವರಿಗೆ ಬಕೆಟ್ಟು ತೋರಿಸಿದರು. ಸೌದೆಯನ್ನು ನೀರಲ್ಲಿ ನೆನೆಸಿಡುವ ವ್ಯಾಪಾರಿಯನ್ನು ಅವರು ಅದೇ ಮೊದಲು ನೋಡಿದ್ದು. ಬಂದ ದಾರಿ ಹಿಡಿದು ವಾಪಸು ಹೋದರು.

ಅತ್ತೆ ಫೋನು ಮಾಡಿ ಅತ್ತರು. ಒಡಹುಟ್ಟಿದ ತಂಗಿಗೆ ಒಂದು ಮಾತು ಹೇಳದೆ ಈ ವಯಸ್ಸಿನಲ್ಲಿ ಸೌದೆ ಮಾರಲು ಹೊರಟ ಅಣ್ಣನನ್ನು ಅರ್ಧ ಗಂಟೆ ಬೈದು, ಉಳಿದರ್ಧ ಗಂಟೆ ತಮ್ಮ ಅಳಿಯನಿಗೆ ಅಲ್ಲಿ ಮ್ಯಾನೇಜರ್ ಕೆಲಸ ಆಗಬೇಕೆಂದು ಕೇಳಿಕೊಂಡರು.

ಅಪ್ಪ ದಿನಾ ನಗರ ಕಚೇರಿಗೆ ಹೋಗಿ ಬರುತ್ತಿದ್ದರು. ಹೋಗುವಾಗ ಇಸ್ತ್ರಿ ಮಾಡಿದ ಅಂಗಿ, ಬರುವಾಗ ಮುದುಡಿದ ಅಂಗಿ. ಬೇರೇನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ, "ಮಾತುಕತೆ ನಡೀತಿದೆ" ಎನ್ನುವರು.

ಐದನೆಯ ದಿನ ಮಧ್ಯಾಹ್ನ ಮೋಡ ಕಟ್ಟಿ ಒಂದು ಸಣ್ಣ ಮಳೆ ಬಂತು. ಬಡಗಿ ಬಂದು ನೋಡಿ ಮುಖ ಕಿವುಚಿದ. ಹಲಗೆ ಇಲ್ಲದಿದ್ದರೂ ಪರವಾಗಿರಲಿಲ್ಲ, ಅರ್ಧ ಹಾಕಿದ್ದು ಅದಕ್ಕಿಂತ ಕೆಟ್ಟದ್ದು. ಮೇಲೆ ತೆರೆದಿರುವುದರಿಂದ ನೀರೆಲ್ಲ ಹಲಗೆಯ ಹಿಂದಕ್ಕಿಳಿದು ಗೋಡೆಗೇ ಕುಡಿಸುತ್ತಿದೆ ಎಂದ. ಸಂಜೆ ಅಜ್ಜಿ ಒಂದು ಸಲ ಕೆಮ್ಮಿದರು. ಸ್ವಲ್ಪ ತಡೆದು ಇನ್ನೊಂದು ಸಲ. ಜಗಲಿಯಲ್ಲಿ ಕೂತಿದ್ದ ಅಪ್ಪ ಎಲಿವೇಶನ್ ವಿಷಯ ಮಾತಾಡುವುದನ್ನು ನಿಲ್ಲಿಸಿದರು.

ಆರನೆಯ ದಿನ ಬೆಳಿಗ್ಗೆ ಹೊಸ ಮೀಟರ್ ರೀಡರ್ ಮತ್ತೆ ಬಂದ. ಅಪ್ಪ ಮನೆಯಲ್ಲಿರಲಿಲ್ಲ. ಅವನು ಹಿಂದಿನ ದಿನ ನಗರ ಕಚೇರಿಗೆ ಪುಸ್ತಕ ಕೊಡಲು ಹೋದಾಗ ಕಂಡದ್ದನ್ನು ಪರದೆಯ ಈಚೆಗಿದ್ದ ನನಗೂ ಕೇಳುವಂತೆ ಅಮ್ಮನಿಗೆ ಹೇಳಿದ. ಅರ್ಜಿಯಲ್ಲಿ ಮಾತು ತಪ್ಪಾಗಿದೆ ಎಂದು ಬರೆದುಕೊಟ್ಟರೆ ಆ ಕ್ಷಣವೇ ಏನಾದರೂ ದಾರಿ ಹುಡುಕೋಣ ಎಂದು ಪರಿಶೀಲಕರು ಎರಡು ದಿನದಿಂದ ಬೇಡಿಕೊಳ್ಳುತ್ತಿದ್ದಾರೆ. ಗುರುಗಳು ಮಾತ್ರ ಬಿಲ್ಕುಲ್ ಒಪ್ಪುತ್ತಿಲ್ಲ.

"ಏನಂತಾರೆ?" ಎಂದಳು ಅಮ್ಮ.

"ನನ್ನ ಮಗಳು ಎಂ.ಎ. ಮಾಡಿ ಬರೆದದ್ದು, ಒಂದಕ್ಷರ ತಪ್ಪಿಲ್ಲ ಅಂತಾರೆ. 'ಇದು ಬೋರ್ಡಲ್ಲ, ಫಲಕ' ಅಂತ ಗುರುಗಳು, 'ಎರಡೂ ಒಂದೇ ಕಣ್ರೀ' ಅಂತ ಪರಿಶೀಲಕರು. ನಿನ್ನೆ ಊಟದ ಹೊತ್ತಿನವರೆಗೂ ಅದೇ ನಡೀತು."

ಅಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ನಗರ ಕಚೇರಿಗೆ ನಡೆದು ಹೋದರೆ ಇಪ್ಪತ್ತು ನಿಮಿಷ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ಪರಿಶೀಲಕರ ಮೇಜಿನ ಮುಂದೆ ನಿಂತಾಗ ಅಂಗೈ ಬೆವರಿಗೆ ಚೀಟಿಯ ಅಕ್ಷರ ಅಳಿಸಿಹೋಗಿತ್ತು. ಅಪ್ಪ ಆ ಕಡೆಯ ಬೆಂಚಿನಲ್ಲಿ, ತೊಡೆಯ ಮೇಲೆ ಮಾದರಿಯ ತುಂಡನ್ನು ಇಟ್ಟುಕೊಂಡು ಕೂತಿದ್ದರು. ತುಂಡಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತರು.

"ಸರ್," ಎಂದೆ. ಅಕ್ಷರ ಅಳಿಸಿಹೋದ ಚೀಟಿಯನ್ನು ಮೇಜಿನ ಮೇಲಿಟ್ಟೆ. ಪರಿಶೀಲಕರು ಕಾದರು. "ಅರ್ಜಿ ಬರೆದದ್ದು ನಾನು. ಅದು ಫಲಕ ಅಲ್ಲ. ಪ್ಯಾನೆಲ್."

"ಪ್ಯಾನೆಲ್ಲಾ? ಗೋಡೆಗೆ ಹೊಡೀತಾರಲ್ಲ, ಆ ಪ್ಯಾನೆಲ್ಲಾ?"

"ಹೌದು ಸರ್. ಮಳೆ ಬೀಳದ ಹಾಗೆ. ಗೋಡೆ ಹಿಂದೆ ನಮ್ಮಜ್ಜಿ ಇದ್ದಾರೆ."

ಅವರು ಫೈಲು ಮುಚ್ಚಿದರು, ಕನ್ನಡಕ ತೆಗೆದರು, ನನ್ನನ್ನೂ ಅಪ್ಪನನ್ನೂ ತುಂಡನ್ನೂ ಸರದಿಯಂತೆ ನೋಡಿದರು. ಮಾತಾಡುವ ಫಲಕದ ರಹಸ್ಯ ಅವರಿಗೆ ಆಗ ಬಿಚ್ಚಿಕೊಂಡಿರಬೇಕು.

"ಅಲ್ಲಮ್ಮ," ಎಂದರು ಬಹಳ ನೊಂದ ಧ್ವನಿಯಲ್ಲಿ, "ಇದನ್ನ ಮೊದಲೇ ನಮ್ಮ ಭಾಷೇಲಿ ಬರೀಬಾರದಿತ್ತಾ?"

ಆದರೆ ತೊಂದರೆ ಮುಗಿಯಲಿಲ್ಲ. ಫಲಕವೆಂದು ನಂಬರು ಬಿದ್ದ ಫೈಲನ್ನು ಫಲಕವಲ್ಲವೆಂದು ರದ್ದು ಮಾಡಲು ಅದು ಮೂರು ಮೇಜು ಹತ್ತಿ ಇಳಿಯಬೇಕು. ಕಡಿಮೆಯೆಂದರೆ ಎರಡು ತಿಂಗಳು. ಕಿಟಕಿಯ ಹೊರಗೆ ಮೋಡ ನಮಗೆ ಎರಡು ದಿನವನ್ನೂ ಕೊಡುವಂತಿರಲಿಲ್ಲ. ಪರಿಶೀಲಕರು ಪೆನ್ನಿನ ತುದಿಯಿಂದ ಫಾರಂನ ಸಾಲುಗಳನ್ನು ಒಂದೊಂದಾಗಿ ತಡವುತ್ತಾ ಬಂದು, ಖಾಲಿ ಇದ್ದ ಒಂದರ ಮೇಲೆ ನಿಲ್ಲಿಸಿದರು. ಫಲಕದ ಮೇಲಿನ ಬರಹ.

"ಇದೊಂದು ತುಂಬಿದ್ರೆ ನಾನು ಇವತ್ತೇ ಫೈಲು ಮುಗಿಸ್ತೀನಿ. ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ನಿಯಮದಲ್ಲಿ ಇಲ್ಲ. ಆದ್ರೆ ಸುಳ್ಳು ಬರೀಬಾರದು. ಒಳಗೆ ಏನು ನಡೆಯುತ್ತೋ ಅದೇ ಇರಬೇಕು."

ಅಪ್ಪ ಜೇಬಿನಿಂದ ಒಳ್ಳೆಯ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಈ ಸಲ ಒಂದು ಮಧ್ಯಾಹ್ನ ಬೇಕಾಗಲಿಲ್ಲ. ಎರಡಕ್ಷರ ಬರೆದು ಫಾರಂ ತಿರುಗಿಸಿದೆ.

"ಮನೆ," ಎಂದು ಓದಿದರು ಪರಿಶೀಲಕರು. ಮತ್ತೊಮ್ಮೆ ಓದಿದರು. "ಇದು ಅರ್ಥ ಆಗುತ್ತೆ. ಇದನ್ನೂ ನೀವೇ ಬರೆದದ್ದಾ?"

ಒಳಗೆ ನಡೆಯುವುದು ಮನೆಯೇ ಎಂದಾದರೆ ಕಟ್ಟಡ ವ್ಯಾಪಾರದ್ದಾಗುವುದಿಲ್ಲವೆಂದು ಅವರೇ ಇನ್ನೊಂದು ಸಾಲು ಸೇರಿಸಿ ಮುದ್ರೆ ಒತ್ತಿದರು. ಅಮ್ಮನ ಭಾನುವಾರದ ರಜೆ ಅಲ್ಲಿಗೆ ಹೋಯಿತು.

ದಾರಿಯಲ್ಲಿ ಅಪ್ಪ ಮಾದರಿಯ ತುಂಡನ್ನು ಕಂಕುಳಲ್ಲಿ ಅವುಚಿಕೊಂಡು ನಡೆದರು. ನಮ್ಮ ಬೀದಿಯ ತಿರುವು ಬಂದಾಗ, ನನ್ನ ಕಡೆ ನೋಡದೆ, "ಅರ್ಜಿ ತಪ್ಪು ಅಂದ್ರಾ ಅವರು?" ಎಂದು ಕೇಳಿದರು.

"ಇಲ್ಲಪ್ಪ. ಸ್ವಲ್ಪ ಜಾಸ್ತಿ ಚೆನ್ನಾಗಿತ್ತಂತೆ."

"ಅದೇ ನಾನೂ ಹೇಳಿದ್ದು," ಎಂದರು ಅಪ್ಪ.

ಬಡಗಿ ಅಂದೇ ಬಂದು, ಮರುದಿನ ಸಂಜೆ ಮಳೆ ಕಾಲಿಡುವುದಕ್ಕೆ ಒಂದು ಗಳಿಗೆ ಮುಂಚೆ ಕೊನೆಯ ಹಲಗೆ ಕೂರಿಸಿದ. ಬಕೆಟ್ಟಿನಲ್ಲಿ ತಿಂಗಳುಗಟ್ಟಲೆ ನೆನೆದರೂ ಒಂದು ಎಳೆ ಉಬ್ಬದಿದ್ದ ಆ ತುಂಡನ್ನೇ ಕೊರೆದು ಎರಡಕ್ಷರ ಮಾಡಿ ಬಾಗಿಲ ಪಕ್ಕ ಬಡಿದ. ನೀರಿನಲ್ಲಿಟ್ಟದ್ದಕ್ಕೆ ಏನೂ ಆಗಿಲ್ಲವೆಂದು ಅವನು ಒಪ್ಪಿಕೊಂಡ. ಆದರೆ ಭಾವಮೈದುನನ ಹೋಲಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಅವನೂ ಎಲ್ಲಿ ಮುಳುಗಿಸಿದರೂ ಹಾಗೇ ಎದ್ದುಬರುತ್ತಾನಂತೆ.

ಇಪ್ಪತ್ತೆರಡು ಅಡಿ ಅಗಲ, ಹನ್ನೊಂದು ಅಡಿ ಎತ್ತರದ ಫಲಕ. ಅದರ ಮೇಲೆ ಗೇಣುದ್ದದ ಒಂದು ಮಾತು.

ಹೊರಗೆ ಏನೋ ಬರೆದಿದ್ದಾರಂತಲ್ಲ, ಏನದು ಎಂದು ಅಜ್ಜಿ ಕೇಳಿದರು. ನಾನು ಅವರ ಕಿವಿಯ ಹತ್ತಿರ ಬಾಗಿ, ಮನೆ ಅಂತ, ಎಂದೆ.

"ಯಾಕೆ? ನಿಮ್ಮಪ್ಪಂಗೆ ಮರೆತು ಹೋಗುತ್ತಾ?"

ಈ ಮಳೆಗಾಲದಲ್ಲಿ ಗೋಡೆ ಬೆವರಲಿಲ್ಲ. ಅಪ್ಪ ದಿನಕ್ಕೆರಡು ಸಲ ಬಂದು, ಅಜ್ಜಿಯ ದಿಂಬು ಸರಿಮಾಡುವ ನೆಪದಲ್ಲಿ ಗೋಡೆಗೆ ಅಂಗೈ ಒತ್ತಿ ನೋಡುತ್ತಾರೆ. "ಎಲಿವೇಶನ್ ಚೆನ್ನಾಗಿ ಕೂತಿದೆ" ಎನ್ನುತ್ತಾರೆ. ಅಜ್ಜಿ ಕೆಮ್ಮುತ್ತಿಲ್ಲ.

ಹೊಸದಾಗಿ ಶುರುವಾದ ತೊಂದರೆ ಒಂದೇ. ಮನೆ ಎಂದು ಬೋರ್ಡು ಹಾಕಿರುವುದರಿಂದ, ಬಾಡಿಗೆಗೆ ಇದೆಯೇನೋ ಎಂದು ವಾರಕ್ಕೆ ನಾಲ್ಕಾರು ಜನ ಗೇಟು ತೆಗೆಯುತ್ತಾರೆ. ಇವತ್ತು ಸಂಜೆ ಒಂದು ಜೋಡಿ ಬಂದಿತ್ತು, ಒಂದೇ ಕೊಡೆಯಲ್ಲಿ. ಬಾಡಿಗೆಗೆ ಇಲ್ಲ ಎಂದು ಹೇಳಿ ಕಳಿಸಿದರೆ ಆಗುತ್ತಿತ್ತು. ಮೂವತ್ತೆರಡು ವರ್ಷ ಬೇರೆಯವರ ಮುಂಭಾಗ ನೋಡಿ ಬಂದ ಅಪ್ಪನಿಗೆ ಅಷ್ಟು ಸುಲಭವಾಗಿ ಯಾರನ್ನೂ ಕಳಿಸಲು ಮನಸ್ಸು ಬರುವುದಿಲ್ಲ.

"ಬಾಡಿಗೆಗೆ ಇಲ್ಲ," ಎಂದರು. "ಆದ್ರೆ ಬಂದದ್ದು ಬಂದ್ರಿ, ಒಂದ್ಸಲ ತಟ್ಟಿ ನೋಡಿ."

ಅವರು ಮುಖ ಮುಖ ನೋಡಿಕೊಂಡರು. ಹೆಂಗಸು ಕೈ ಚಾಚಿ ಮೆಲ್ಲಗೆ ತಟ್ಟಿದಳು.

"ಯಾರದು?" ಎಂದಿತು ಮನೆ. "ನೆನೀಬೇಡಿ, ಒಳಗೆ ಬನ್ನಿ."